ಹೊಗೆ ಹೊಡೆಸುವುದೋ, ನೀರು ಚೆಲ್ಲುವುದೋ: ಸೊಳ್ಳೆ ನಿಯಂತ್ರಣದ ದಾರಿಗಳ ಹೋಲಿಕೆ

ನೆರೆಮನೆಯವರ ಜ್ವರ ಡೆಂಗಿಯೆಂದು ಖಚಿತವಾದ ದಿನವೇ ಅಕ್ಕಪಕ್ಕದವರಲ್ಲಿ ಎರಡು ಪಂಗಡಗಳಾಗುತ್ತವೆ. ಒಂದು ಪಂಗಡ ಕೂಡಲೇ ಹೊಗೆ ಹೊಡೆಸಿ ಎನ್ನುತ್ತದೆ. ಇನ್ನೊಂದು, ಮನೆಯಲ್ಲಿ ಹಸುಗೂಸಿದೆ, ಉಬ್ಬಸದವರಿದ್ದಾರೆ, ಆ ವಿಷದ ಸಹವಾಸವೇ ಬೇಡ ಎನ್ನುತ್ತದೆ. ಎರಡು ಮಾತಿನಲ್ಲೂ ಹುರುಳಿದೆ. ಆದರೆ ಹೊಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದದ ನಡುವೆ, ಕಚ್ಚುತ್ತಿರುವುದು ಯಾವ ಸೊಳ್ಳೆ, ಅದು ಈಗ ಎಲ್ಲಿ ಕುಳಿತಿದೆ, ಮುಂದಿನ ವಾರ ಕಚ್ಚಲಿರುವುದು ಎಲ್ಲಿ ಬೆಳೆಯುತ್ತಿದೆ ಎಂಬ ಪ್ರಶ್ನೆಗಳು ಮೂಲೆಗೆ ಸರಿಯುತ್ತವೆ. ಇವಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ ಎಂಬುದು ನನ್ನ ಅನಿಸಿಕೆ. ಆದ್ದರಿಂದ ದಾರಿಗಳನ್ನು ತೂಗುವ ಮುನ್ನ ತಕ್ಕಡಿಯನ್ನು ಸರಿಮಾಡಿಕೊಳ್ಳುವುದು ಒಳಿತು.

ಯಾವುದರಿಂದ ಅಳೆಯಬೇಕು

ಮೊದಲು ನೋಡಬೇಕಾದದ್ದು ಸೊಳ್ಳೆಯ ಜಾತಿ. ಡೆಂಗಿ, ಚಿಕೂನ್‌ಗುನ್ಯ, ಝೀಕಾ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ, ಅದರಲ್ಲೂ ಬೆಳಗಿನ ಮೊದಲ ಗಂಟೆಗಳಲ್ಲಿ ಮತ್ತು ಸಂಜೆ ಕತ್ತಲಾಗುವ ಮುನ್ನ ಕಚ್ಚುತ್ತದೆ. ಮನೆಯ ಒಳಗೆ ಮತ್ತು ಸುತ್ತಮುತ್ತ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ಕೆಲವು ನೂರು ಮೀಟರಿಗಿಂತ ಆಚೆ ಹೋಗುವುದಿಲ್ಲ. ಮಲೇರಿಯಾ ಹರಡುವ ಅನಾಫಿಲಿಸ್ ಇರುಳಿನಲ್ಲಿ ಕಚ್ಚುತ್ತದೆ. ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಕೂಡ ಇರುಳಿನದೇ, ಆದರೆ ಅದು ಬೆಳೆಯುವುದು ಚರಂಡಿ ಮತ್ತು ಕೊಳಚೆ ಗುಂಡಿಗಳಲ್ಲಿ. ಜಪಾನೀಸ್ ಮಿದುಳುಜ್ವರ ತರುವ ಅದರ ದಾಯಾದಿಗಳು ಭತ್ತದ ಗದ್ದೆಯ ನೀರಿನಲ್ಲಿ ಬೆಳೆಯುತ್ತವೆ. ಡೆಂಗಿಯ ಭಯಕ್ಕೆ ಚರಂಡಿಗೆ ಔಷಧ ಸುರಿಯುವವರು ಈ ಒಂದು ವ್ಯತ್ಯಾಸವನ್ನು ಮರೆತಿರುತ್ತಾರೆ.

ಎರಡನೆಯದು ಸೊಳ್ಳೆಯ ಬಾಳಿನ ಹಂತ. ಮೊಟ್ಟೆ, ಮರಿಹುಳು, ಕೋಶ ಎಂಬ ಮೂರು ಹಂತಗಳು ನೀರಿಗೆ ಕಟ್ಟುಬಿದ್ದವು. ರೆಕ್ಕೆ ಮೂಡಿದ ಮೇಲಷ್ಟೇ ಅದು ಗಾಳಿಗೆ ಬರುತ್ತದೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ರೆಕ್ಕೆಯವರೆಗಿನ ಪಯಣಕ್ಕೆ ಏಳರಿಂದ ಹತ್ತು ದಿನ ಸಾಕು. ಆಮೇಲೆ ನೋಡಬೇಕಾದದ್ದು ಒಂದು ಸಲ ಮಾಡಿದ ಕೆಲಸದ ಫಲ ಎಷ್ಟು ದಿನ ನಿಲ್ಲುತ್ತದೆ, ಸೊಳ್ಳೆಯನ್ನು ಬಿಟ್ಟು ಮತ್ತೆ ಯಾರ್‍ಯಾರಿಗೆ ಅದರಿಂದ ಪೆಟ್ಟು ಬೀಳುತ್ತದೆ, ಸೊಳ್ಳೆ ಆ ಮದ್ದಿಗೆ ಒಗ್ಗಿಕೊಂಡಿದೆಯೇ, ಮತ್ತು ವಾರವಾರವೂ ಆ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದು. ಕೊನೆಯ ಪ್ರಶ್ನೆಯೇ ಬಹಳಷ್ಟು ಯೋಜನೆಗಳನ್ನು ಮುಳುಗಿಸುವುದು. ಹಣದ ಮಾತು ಅದರ ನಂತರದ್ದು.

ಹೊಗೆ ಯಂತ್ರ ಮಾಡುವುದೇನು, ಮಾಡಲಾರದ್ದೇನು

ಫಾಗಿಂಗ್ ಎಂದರೆ ಕೀಟನಾಶಕವನ್ನು ಡೀಸೆಲ್ ಅಥವಾ ಸೀಮೆಎಣ್ಣೆಯಂಥ ಎಣ್ಣೆಯಲ್ಲಿ ಬೆರೆಸಿ, ಕಾಯಿಸಿ, ಗಾಳಿಯಲ್ಲಿ ತೇಲುವಷ್ಟು ಸಣ್ಣ ಹನಿಗಳನ್ನಾಗಿ ಚದುರಿಸುವುದು. ಎಣ್ಣೆ ಸುಡದೆ ತಣ್ಣನೆಯ ಮಂಜಿನಂತೆ ಸಿಂಪಡಿಸುವ ಯಂತ್ರಗಳೂ ಇವೆ. ಅವುಗಳ ತತ್ವವೂ ಅದೇ. ಹಾರುತ್ತಿರುವ ಸೊಳ್ಳೆಗೆ ಹನಿ ತಾಗಿದರೆ ಅದು ಸಾಯುತ್ತದೆ, ತಾಗದಿದ್ದರೆ ಇಲ್ಲ. ಹನಿ ನೆಲಕ್ಕಿಳಿದ ಮೇಲೆ ಅದರ ಕೆಲಸ ಮುಗಿಯಿತು. ಮಟಮಟ ಮಧ್ಯಾಹ್ನ ಹೊಡೆದರೆ ಬಿಸಿಗಾಳಿಯೊಡನೆ ಹೊಗೆ ಮೇಲೇರಿ ಹೋಗುತ್ತದೆ. ಗಾಳಿ ಬಿರುಸಾಗಿದ್ದರೆ ಹೊಡೆದೂ ಫಲವಿಲ್ಲ.

ಯಂತ್ರದ ಸದ್ದು ರಸ್ತೆಯ ತಿರುವಿನಲ್ಲಿ ಕೇಳಿಸಿದೊಡನೆ ಸಾಲುಮನೆಗಳ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಾಗೆ ಮುಚ್ಚುವುದು ಸಹಜವೇ. ಆ ವಾಸನೆ ಯಾರಿಗೆ ಬೇಕು? ಆದರೆ ಈಡಿಸ್ ಆ ಹೊತ್ತಿಗೆ ಮುಚ್ಚಿದ ಕಿಟಕಿಯ ಒಳಗಡೆ, ಮಂಚದ ಕೆಳಗೆ, ಗೂಟಕ್ಕೆ ತೂಗುಹಾಕಿದ ಬಟ್ಟೆಯ ಮಡಿಕೆಯಲ್ಲಿ, ಕಪಾಟಿನ ಹಿಂದಿನ ಕತ್ತಲಲ್ಲಿ ನೆಮ್ಮದಿಯಾಗಿ ಕುಳಿತಿರುತ್ತದೆ. ಬಿಳಿಯ ಮೋಡ ಬೀದಿಯಲ್ಲಿ ಉರುಳಿಹೋಗುತ್ತದೆ, ಸೊಳ್ಳೆ ಉಳಿಯುತ್ತದೆ. ನೀರಿನೊಳಗಿನ ಮರಿಹುಳುಗಳಿಗಂತೂ ಏನೂ ಆಗುವುದಿಲ್ಲ. ಮೂರುನಾಲ್ಕು ದಿನಗಳಲ್ಲಿ ಹೊಸ ತಂಡ ರೆಕ್ಕೆ ಬಿಚ್ಚಿ ಬರುತ್ತದೆ.

ಹಾಗೆಂದು ಹೊಗೆ ಯಾವಾಗಲೂ ವ್ಯರ್ಥವೆಂದು ಹೇಳಿದರೆ ಅದೂ ತಪ್ಪಾಗುತ್ತದೆ. ಡೆಂಗಿ ರೋಗಿಯ ರಕ್ತ ಹೀರಿದ ಸೊಳ್ಳೆ ಸುಮಾರು ಎಂಟರಿಂದ ಹನ್ನೆರಡು ದಿನಗಳ ನಂತರ ರೋಗ ದಾಟಿಸಲು ಶಕ್ತವಾಗುತ್ತದೆ, ಆಮೇಲೆ ಬದುಕಿರುವವರೆಗೂ ದಾಟಿಸುತ್ತದೆ. ಅಂಥ ಸೊಳ್ಳೆ ಈಗಾಗಲೇ ಹಾರಾಡುತ್ತಿದ್ದರೆ ತೊಟ್ಟಿಯ ನೀರು ಚೆಲ್ಲಿ ಅದನ್ನು ಕೊಲ್ಲಲಾಗದು. ರೋಗ ಹಬ್ಬುತ್ತಿರುವಾಗ ರೋಗಿಯ ಮನೆಯ ಒಳಗೂ ಸುತ್ತಲ ಮನೆಗಳ ಒಳಗೂ, ಬಾಗಿಲು ಕಿಟಕಿ ತೆರೆಸಿ, ಕೆಲವು ದಿನಗಳ ಅಂತರದಲ್ಲಿ ಮರುಕಳಿಸಿ ಹೊಡೆದರೆ ಅದಕ್ಕೊಂದು ಅರ್ಥವಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಹೊಗೆಯನ್ನು ಇಂಥ ತುರ್ತಿನ ಅಸ್ತ್ರವಾಗಿಯೇ ಇಟ್ಟಿದೆ. ತಿಂಗಳಿಗೊಮ್ಮೆ ವಾಡಿಕೆಯಂತೆ ಹೊಡೆಸುವ ಹೊಗೆಗೆ ಈ ಸಮರ್ಥನೆ ಇಲ್ಲ. ಅದರ ದೊಡ್ಡ ಗುಣ, ಕೆಲಸ ನಡೆಯುತ್ತಿದೆ ಎಂದು ಎಲ್ಲರ ಕಣ್ಣಿಗೂ ಕಿವಿಗೂ ತೋರಿಸುವುದು.

ಪೆಟ್ಟಿನ ಲೆಕ್ಕಕ್ಕೆ ಬಂದರೆ, ಫಾಗಿಂಗಿನಲ್ಲಿ ಬಹುಕಾಲ ಬಳಕೆಯಾದ ಮೆಲಾಥಿಯಾನ್ ಎಂಬ ಕೀಟನಾಶಕವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ, ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ 2ಎ ಗುಂಪಿಗೆ ಸೇರಿಸಿತು. ಈಗ ಹೆಚ್ಚು ಬಳಕೆಯಲ್ಲಿರುವ ಕೀಟನಾಶಕಗಳಾದ ಪೈರೆಥ್ರಾಯ್ಡ್‌ಗಳು ಮನುಷ್ಯರಿಗೆ ಮೆಲಾಥಿಯಾನಿಗಿಂತ ಸೌಮ್ಯವಾದರೂ ಮೀನಿಗೆ, ಜೇನ್ನೊಣಕ್ಕೆ, ಬೆಕ್ಕಿಗೆ ಬಲು ವಿಷ. 2016ರಲ್ಲಿ ಝೀಕಾ ಭೀತಿಯ ನಡುವೆ ಅಮೆರಿಕದ ದಕ್ಷಿಣ ಕ್ಯಾರೊಲೈನಾದ ಒಂದು ಕೌಂಟಿಯಲ್ಲಿ ಬೆಳಗಿನ ಹೊತ್ತು ವಿಮಾನದಿಂದ ನಾಲೆಡ್ ಎಂಬ ಕೀಟನಾಶಕವನ್ನು ಸಿಂಪಡಿಸಿದಾಗ, ಜೇನುಗೂಡುಗಳ ಮುಂದೆ ಲಕ್ಷಗಟ್ಟಲೆ ನೊಣಗಳು ಸತ್ತು ರಾಶಿಬಿದ್ದವು. ಜೇನು ಸಾಕುವವರು ಹತ್ತಿರದಲ್ಲಿದ್ದರೆ ಹೊಗೆಯ ಹೊತ್ತನ್ನು ಅವರಿಗೆ ಮುಂಚಿತವಾಗಿ ತಿಳಿಸುವುದು ಕನಿಷ್ಠ ಮರ್ಯಾದೆ. ಮೇಲಾಗಿ, ಒಂದೇ ಮದ್ದನ್ನು ವರ್ಷಗಟ್ಟಲೆ ಹೊಡೆದ ಕಡೆ ಬದುಕುಳಿದ ಸೊಳ್ಳೆಯ ಸಂತತಿ ಅದನ್ನು ತಾಳಿಕೊಳ್ಳುವ ಗುಣ ಪಡೆದಿರುತ್ತದೆ. ಆಗ ಹೊಗೆಯಿಂದ ಕಷ್ಟ ಜನರಿಗೆ ಮಾತ್ರ.

ಗೋಡೆಗೆ ಬಳಿಯುವ ಮದ್ದು

ಮನೆಯ ಒಳಗೋಡೆಗೆ ಕೀಟನಾಶಕ ಸಿಂಪಡಿಸುವುದು ಹೊಗೆಗಿಂತ ಬೇರೆಯೇ ಕೆಲಸ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಅನಾಫಿಲಿಸ್ ರಕ್ತ ಹೀರಿದ ಮೇಲೆ ಭಾರವಾದ ಹೊಟ್ಟೆಯೊಡನೆ ಗೋಡೆಯ ಮೇಲೆ ಕೂರುತ್ತದೆ. ಅಲ್ಲಿ ಮದ್ದಿದ್ದರೆ ಮಲೇರಿಯಾ ದಾಟಿಸುವ ಮುನ್ನವೇ ಸಾಯುತ್ತದೆ. ಬಳಸಿದ ಮದ್ದು ಮತ್ತು ಗೋಡೆಯ ಬಗೆಗೆ ತಕ್ಕಂತೆ ಫಲ ಮೂರರಿಂದ ಆರು ತಿಂಗಳು ನಿಲ್ಲುತ್ತದೆ. ಸ್ವಿಸ್ ರಸಾಯನ ವಿಜ್ಞಾನಿ ಪಾಲ್ ಮ್ಯೂಲರ್ 1939ರಲ್ಲಿ ಕೀಟನಾಶಕ ಗುಣವನ್ನು ಕಂಡುಹಿಡಿದ ಡಿಡಿಟಿ, ಅವರಿಗೆ 1948ರ ನೊಬೆಲ್ ಬಹುಮಾನವನ್ನೂ ಜಗತ್ತಿಗೆ ಮಲೇರಿಯಾವನ್ನು ಅಳಿಸಿಬಿಡುವ ಆಸೆಯನ್ನೂ ತಂದದ್ದು ಈ ದಾರಿಯಲ್ಲೇ. 1955ರಲ್ಲಿ ಆರಂಭವಾದ ಜಾಗತಿಕ ನಿರ್ಮೂಲನಾ ಕಾರ್ಯಕ್ರಮವನ್ನು 1969ರಲ್ಲಿ ಕೈಬಿಡಬೇಕಾಯಿತು. ಸೊಳ್ಳೆ ಮದ್ದಿಗೆ ಒಗ್ಗಿಕೊಂಡದ್ದು ಅದರ ಕಾರಣಗಳಲ್ಲಿ ಒಂದು. 2004ರಲ್ಲಿ ಜಾರಿಗೆ ಬಂದ ಸ್ಟಾಕ್‌ಹೋಮ್ ಒಪ್ಪಂದ ಡಿಡಿಟಿಯ ಬೇಸಾಯದ ಬಳಕೆಯನ್ನು ತಡೆದು, ರೋಗವಾಹಕಗಳ ನಿಯಂತ್ರಣಕ್ಕೆ ಮಾತ್ರ ಎಡೆ ಉಳಿಸಿತು.

ಮಲೇರಿಯಾ ಇರುವ ಪ್ರದೇಶದಲ್ಲಿ ಆರೋಗ್ಯ ಕಾರ್ಯಕರ್ತರು ಗೋಡೆಗೆ ಸಿಂಪಡಿಸಲು ಬಂದರೆ ಬೇಡವೆನ್ನಬೇಡಿ. ಬಹುಪಾಲು ಮನೆಗಳಲ್ಲಿ ಆಗದಿದ್ದರೆ ಊರಿಗೇ ಅದರ ರಕ್ಷಣೆ ಇಲ್ಲ. ಸಿಂಪಡಿಸಿದ ಮೇಲೆ ಸುಣ್ಣ ಬಳಿದರೂ ಕೆಲಸ ಕೆಟ್ಟಂತೆಯೇ. ಈಡಿಸ್ ವಿಷಯದಲ್ಲಿ ಇದು ಅಷ್ಟು ಸುಲಭವಲ್ಲ, ಏಕೆಂದರೆ ಅದು ಗೋಡೆಯ ಕೆಳಭಾಗ ಮತ್ತು ಪೀಠೋಪಕರಣಗಳ ಅಡಿಯಂಥ ಮರೆಗಳನ್ನು ಹುಡುಕಿ ಕೂರುತ್ತದೆ.

ನೀರಿನ ದಾರಿ

ಇನ್ನು ನನ್ನ ಒಲವು ಎತ್ತ ಎಂಬುದನ್ನು ಮರೆಮಾಚುವುದಿಲ್ಲ. ಹೂಕುಂಡದ ಕೆಳಗಿನ ತಟ್ಟೆಯನ್ನೊಮ್ಮೆ ಬಗ್ಗಿ ನೋಡಿ. ಎರಡು ಬೆರಳಿನಷ್ಟು ನೀರು; ಅದರ ಮೇಲ್ಮೈಗೆ ಬಾಲ ತಗುಲಿಸಿ ತಲೆಕೆಳಗಾಗಿ ನೇತಾಡುವ ಹುಳುಗಳು. ನಿಮ್ಮ ನೆರಳು ಬಿದ್ದೊಡನೆ ಅವೆಲ್ಲ ಕೊಂಕುತ್ತಾ ತಳಕ್ಕಿಳಿಯುತ್ತವೆ, ಅರೆನಿಮಿಷದ ನಂತರ ಉಸಿರಿಗಾಗಿ ಮತ್ತೆ ಮೇಲೇರುತ್ತವೆ. ಅಲ್ಪವಿರಾಮದಂತೆ ಬಾಗಿದ, ತಲೆ ದಪ್ಪಗಿರುವ ಕೆಲವು ಕಂಡರೆ ಅವು ಕೋಶಗಳು. ಒಂದೆರಡು ದಿನದಲ್ಲಿ ಹಾರಲಿರುವವು. ತಟ್ಟೆಯ ನೀರನ್ನು ಬಿಸಿಲಿಗೆ ಬಿದ್ದ ಒಣನೆಲದ ಮೇಲೆ ಚೆಲ್ಲಿದರೆ ಇಷ್ಟನ್ನೂ ಒಂದೇ ಸಲಕ್ಕೆ, ಯಾವ ವಿಷವೂ ಇಲ್ಲದೆ ಮುಗಿಸಿದಂತೆ. ಅಷ್ಟಕ್ಕೇ ನಿಲ್ಲಿಸಿದರೆ ಮಾತ್ರ ಅರ್ಧ ಕೆಲಸ: ನೀರಿನ ಗೆರೆಯ ಅಂಚಿನಲ್ಲಿ ಮಸಿಯ ಕಣಗಳಂತೆ ಅಂಟಿರುವ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ಚೆಲ್ಲುವುದರ ಜೊತೆಗೆ ಪಾತ್ರೆಯ ಒಳಮೈಯನ್ನು ನಾರಿನಿಂದ ತಿಕ್ಕಬೇಕು. ಏಳು ದಿನಕ್ಕೊಮ್ಮೆ ಇದನ್ನು ಮಾಡಿದರೆ ಆ ಪಾತ್ರೆಯಲ್ಲಿ ಹುಟ್ಟಿದ ಹುಳು ರೆಕ್ಕೆಯವರೆಗೆ ಹೋಗುವುದೇ ಅಪರೂಪ.

ಇದು ಹೊಸ ಜ್ಞಾನವೂ ಅಲ್ಲ. ಹಳದಿ ಜ್ವರವನ್ನು ಹರಡುವುದೂ ಈಡಿಸ್ ಸೊಳ್ಳೆಯೇ. ಆ ಜ್ವರವನ್ನು ಸೊಳ್ಳೆ ಹರಡುತ್ತದೆಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೇ 1881ರಲ್ಲಿ ಹೇಳಿದ್ದನ್ನು ಅಮೆರಿಕದ ಸೇನಾ ವೈದ್ಯ ವಾಲ್ಟರ್ ರೀಡ್ ಅವರ ತಂಡ 1900ರಲ್ಲಿ ಸಾಬೀತುಪಡಿಸಿದ ಮೇಲೆ, ಅದೇ ಸೇನೆಯ ವೈದ್ಯ ವಿಲಿಯಂ ಗೋರ್ಗಾಸ್ 1901ರಲ್ಲಿ ಹವಾನಾ ನಗರದಿಂದ ಆ ರೋಗವನ್ನು ಹೆಚ್ಚುಕಡಿಮೆ ಹೊರದಬ್ಬಿದರು. ಆಗ ಡಿಡಿಟಿ ಇರಲಿಲ್ಲ. ಅವರ ತನಿಖಾಧಿಕಾರಿಗಳು ಮನೆಮನೆಯ ನೀರಿನ ತೊಟ್ಟಿಗಳನ್ನು ಪರೀಕ್ಷಿಸಿ ಮುಚ್ಚಿಸಿದರು, ಮುಚ್ಚಲಾಗದ ನೀರಿಗೆ ಎಣ್ಣೆ ಹಾಕಿಸಿದರು. ರೋಗಿಗಳನ್ನು ಜಾಲರಿಯೊಳಗೆ ಇರಿಸಿದರು. ಹೊಗೆ ಹಾಕಿದ್ದು ರೋಗಿಯ ಮನೆ ಮತ್ತು ಅದರ ನೆರೆಹೊರೆಗಷ್ಟೇ. ಊರಿಗೆಲ್ಲ ನೀರಿನ ತಪಾಸಣೆ, ರೋಗವಿದ್ದಲ್ಲಿ ಮಾತ್ರ ಹೊಗೆ ಎಂಬ ಆ ಅನುಪಾತವನ್ನು ಇಂದಿನ ಯೋಜನೆಗಳು ತಿರುವುಮುರುವು ಮಾಡಿಕೊಂಡಿವೆ ಎಂದು ನನಗೆ ಅನ್ನಿಸುತ್ತದೆ. ಇತ್ತೀಚಿನ ಸಾಕ್ಷ್ಯವೂ ಇದೆ: ನಿಕರಾಗುವಾ ಮತ್ತು ಮೆಕ್ಸಿಕೊದಲ್ಲಿ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಜನರೇ ಒಗ್ಗೂಡಿ ಕೀಟನಾಶಕದ ನೆರವಿಲ್ಲದೆ ಸೊಳ್ಳೆಯ ತಾಣಗಳನ್ನು ನಿಭಾಯಿಸಿದ ಕಡೆ ಮಕ್ಕಳಲ್ಲಿ ಡೆಂಗಿ ಸೋಂಕಿನ ಅಪಾಯ ಸುಮಾರು ಶೇ. 30ರಷ್ಟು ಇಳಿಯಿತು. ಶೇ. 30 ಎಂದರೆ ಪೂರ್ಣ ರಕ್ಷಣೆಯಲ್ಲ, ನಿಜ. ಈ ದಾರಿಯ ಬೆಲೆ ಹಣದಲ್ಲಿಲ್ಲ, ಬೇಸರದಲ್ಲಿದೆ. ಹತ್ತು ಮನೆಯವರು ತಿಕ್ಕಿ ಹನ್ನೊಂದನೆಯವರು ಹಳೆಯ ಟೈರನ್ನು ಮಹಡಿಯ ಮೇಲೆ ಬಿಟ್ಟರೆ ಶ್ರಮ ಸೋರಿಹೋಗುತ್ತದೆ. ಬ್ರೆಜಿಲ್ 1958ರಲ್ಲಿ ಡೆಂಗಿಯ ಮುಖ್ಯ ವಾಹಕವಾದ ಈಡಿಸ್ ಈಜಿಪ್ಟೈ ಸೊಳ್ಳೆಯಿಂದ ಮುಕ್ತವೆಂದು ಘೋಷಣೆಯಾಗಿತ್ತು. ನಿಗಾ ಸಡಿಲಿದ ಮೇಲೆ ಸೊಳ್ಳೆ ಮರಳಿ ಬಂದಿತು.

ಚೆಲ್ಲಲಾಗದ ನೀರು

ಕುಡಿಯಲು ತುಂಬಿಟ್ಟ ದೊಡ್ಡ ತೊಟ್ಟಿ, ಬಾವಿ, ಕಟ್ಟಡ ಕೆಲಸದ ಗುಂಡಿ, ಲಿಫ್ಟಿನ ತಳದ ಹೊಂಡ ಇವನ್ನು ವಾರಕ್ಕೊಮ್ಮೆ ಬರಿದು ಮಾಡಲಾಗದು. ಇಲ್ಲಿ ಮೊದಲ ಮದ್ದು ಬಿಗಿಯಾದ ಮುಚ್ಚಳ. ಗಾಳಿಕೊಳವೆಯ ಬಾಯಿಗೆ ಕಟ್ಟಿದ ಸಣ್ಣ ಕಣ್ಣಿನ ಜಾಲರಿಯೂ ಅದರ ಲೆಕ್ಕಕ್ಕೇ ಸೇರುತ್ತದೆ. ಮುಚ್ಚಲಾಗದಿದ್ದರೆ ಮರಿಹುಳುನಾಶಕ. ಅವುಗಳಲ್ಲಿ ಹಳೆಯ ಪರಿಚಿತ ಟೆಮಿಫಾಸ್ ಅಗ್ಗವಾದದ್ದು, ವಾರಗಟ್ಟಲೆ ಕೆಲಸ ಮಾಡುವಂಥದ್ದು, ಒಂದು ಲೀಟರಿಗೆ ಒಂದು ಮಿಲಿಗ್ರಾಂ ಮೀರದಂತೆ ಕುಡಿಯುವ ನೀರಿನಲ್ಲೂ ಬಳಕೆಯಲ್ಲಿರುವಂಥದ್ದು. ಆದರೆ ಅದು ಮೆಲಾಥಿಯಾನಿನ ರಸಾಯನ ಕುಲಕ್ಕೇ ಸೇರಿದೆ, ಅನೇಕ ಕಡೆ ಸೊಳ್ಳೆ ಅದಕ್ಕೆ ಒಗ್ಗಿಕೊಂಡಿದೆ.

ಅದರ ಬದಲು ನಾನು ಸೂಚಿಸುವುದು ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿ ಅಥವಾ ಬಿಲ್ಲೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕ ಈ ಜೀವಿಯ ವಿಷಕಣ ಮರಿಹುಳುವಿನ ಕ್ಷಾರಯುಕ್ತ ಕರುಳಿನಲ್ಲಷ್ಟೇ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಮನುಷ್ಯ, ದನ, ಮೀನು, ಜೇನು ಯಾವುದಕ್ಕೂ ಅದರ ಬಾಧೆಯಿಲ್ಲ. ಕುಂದುಗಳೂ ಇವೆ. ಕೋಶ ಏನನ್ನೂ ತಿನ್ನುವುದಿಲ್ಲವಾದ್ದರಿಂದ ಕೋಶವಾಗಿಬಿಟ್ಟದ್ದು ಬಿಟಿಐಯಿಂದ ಸಾಯದು; ಬಿಸಿಲಿಗೆ ತೆರೆದ ನೀರಿನಲ್ಲಿ ಒಂದೆರಡು ವಾರಕ್ಕೆ ಶಕ್ತಿ ಕುಂದುತ್ತದೆ; ಕೊಳಚೆಯಲ್ಲಿ ಇನ್ನೂ ಬೇಗ. ಮರಿಹುಳು ರೆಕ್ಕೆ ಪಡೆಯದಂತೆ ತಡೆಯುವ ಪೈರಿಪ್ರಾಕ್ಸಿಫೆನ್ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಹುಳು ಬದುಕಿರುವುದು ಕಣ್ಣಿಗೆ ಕಾಣುವುದರಿಂದ ಮದ್ದು ಹಿಡಿಯಲಿಲ್ಲವೆಂದು ಜನ ನಂಬಿಕೆ ಕಳೆದುಕೊಳ್ಳುತ್ತಾರೆ.

ಗಪ್ಪಿ ಮೀನು ಕಾರಂಜಿ, ಬಾವಿ, ಕಟ್ಟೆಕಟ್ಟಿದ ತೊಟ್ಟಿಗಳಿಗೆ ಒಳ್ಳೆಯ ಕಾವಲುಗಾರ. ಕೊಂಚ ಕೆಟ್ಟ ನೀರನ್ನೂ ತಾಳುತ್ತದೆ. ಗಂಬೂಸಿಯಾ ಎಂಬ ಮೀನು ಹೊಟ್ಟೆಬಾಕ, ನಿಜ, ಆದರೆ ಸ್ಥಳೀಯ ಮೀನಿನ ಮರಿ, ಕಪ್ಪೆಯ ಗೊದಮೊಟ್ಟೆಗಳನ್ನೂ ಬಿಡುವುದಿಲ್ಲ. ಜಗತ್ತಿನ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಯಾವ ಮೀನನ್ನೇ ಆಗಲಿ ಕೆರೆ ತೊರೆಗಳಿಗೆ ನಿಮ್ಮ ಮನಸ್ಸಿಗೆ ಬಂದಂತೆ ಬಿಡಬೇಡಿ. ವಿಯೆಟ್ನಾಂನ ಹಳ್ಳಿಗಳಲ್ಲಿ ಮೀಸೊಸೈಕ್ಲಾಪ್ಸ್ ಎಂಬ, ಕಣ್ಣಿಗೆ ಚುಕ್ಕಿಯಂತೆ ಕಾಣುವ ನೀರುಜೀವಿಯನ್ನು ತೊಟ್ಟಿಗಳಿಗೆ ಬಿಟ್ಟು ಅನೇಕ ಕಡೆ ಈಡಿಸನ್ನು ಇಲ್ಲವಾಗಿಸಿದ್ದಾರೆ. ದೊಡ್ಡ ತೊಟ್ಟಿಗಳೇ ಮುಖ್ಯ ತಾಣವಾಗಿದ್ದರಿಂದ ಅದು ಅಲ್ಲಿ ಫಲಿಸಿತು; ಬಾಟಲಿ ಮುಚ್ಚಳದಷ್ಟು ನೀರಿನಲ್ಲೂ ಸೊಳ್ಳೆ ಬೆಳೆಯುವ ಕಡೆ ಈ ಉಪಾಯ ನಡೆಯದು.

ಮೈಗೂ ಕಿಟಕಿಗೂ

2000ದಿಂದ 2015ರವರೆಗೆ ಆಫ್ರಿಕದಲ್ಲಿ ತಪ್ಪಿದ ಸುಮಾರು 66 ಕೋಟಿ ಮಲೇರಿಯಾ ಪ್ರಕರಣಗಳಲ್ಲಿ ಮೂರನೆಯ ಎರಡು ಪಾಲು ಮದ್ದು ಲೇಪಿಸಿದ ಸೊಳ್ಳೆ ಪರದೆಗಳಿಂದ ತಪ್ಪಿದವೆಂದು ಅಂದಾಜಿಸಲಾಗಿದೆ. ಇರುಳಿನ ಸೊಳ್ಳೆಗೆ ಇದಕ್ಕೆ ಸಾಟಿಯಿಲ್ಲ. ಹಗಲು ಕಚ್ಚುವ ಈಡಿಸಿಗೆ ಹಾಸಿಗೆಯ ಪರದೆ ಅಷ್ಟಾಗಿ ಒದಗದಿದ್ದರೂ ಹಗಲು ಮಲಗುವ ಕೂಸಿಗೆ ಬೇಕೇಬೇಕು. ಡೆಂಗಿ ರೋಗಿಗೂ ಬೇಕು, ಜ್ವರದ ಮೊದಲ ಐದಾರು ದಿನ ಅವರನ್ನು ಕಚ್ಚಿದ ಸೊಳ್ಳೆಯೇ ಮುಂದಿನವರಿಗೆ ರೋಗ ಒಯ್ಯುತ್ತದೆ. ಕಿಟಕಿ ಜಾಲರಿಗೆ ಒಮ್ಮೆ ಖರ್ಚು ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ. ಮೈಗೆ ಹಚ್ಚುವ ಮುಲಾಮುಗಳಲ್ಲಿ ಡೀಟ್ ಅಥವಾ ಪಿಕಾರಿಡಿನ್ ಇರುವುದನ್ನು ಆರಿಸಿ. ಎರಡು ತಿಂಗಳೊಳಗಿನ ಕೂಸಿಗೆ ಯಾವುದೂ ಬೇಡ, ಲೆಮನ್ ಯೂಕಲಿಪ್ಟಸ್ ಎಣ್ಣೆ ಮೂರು ವರ್ಷದೊಳಗಿನವರಿಗೆ ಸಲ್ಲದು.

ಸೊಳ್ಳೆ ಬತ್ತಿಯ ವಿಷಯದಲ್ಲಿ ನನ್ನ ಮಾತು ಕಟುವಾದರೆ ಕ್ಷಮೆಯಿರಲಿ: ಮುಚ್ಚಿದ ಕೋಣೆಯಲ್ಲಿ ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮವೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿದೆ. ಬೀದಿಯ ಹೊಗೆಗೆ ಹೆದರಿ ಕಿಟಕಿ ಮುಚ್ಚಿ ಒಳಗೆ ಬತ್ತಿ ಹಚ್ಚುವುದು ಯಾವ ಲೆಕ್ಕಕ್ಕೂ ಸರಿಹೋಗದು. ಕೇಳಿಸದ ಸದ್ದಿನಿಂದ ಸೊಳ್ಳೆ ಓಡಿಸುವ ಯಂತ್ರಗಳಿಂದ ಏನೂ ಆಗುವುದಿಲ್ಲ; ಕುಂಡದಲ್ಲಿ ನೆಟ್ಟ ಪರಿಮಳದ ಗಿಡ ಚೆಂದಕ್ಕೆ ಇರಲಿ.

ಊರು ಮಾತ್ರ ಆಯ್ಕೆ ಮಾಡಬಹುದಾದದ್ದು

ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಹೊಕ್ಕ ಈಡಿಸ್ ಸೊಳ್ಳೆಯೊಳಗೆ ಡೆಂಗಿ ವೈರಸ್ ಚೆನ್ನಾಗಿ ಬೆಳೆಯದು. ಅಂಥ ಸೊಳ್ಳೆಗಳನ್ನು ತಿಂಗಳುಗಟ್ಟಲೆ ಬಿಟ್ಟರೆ ಆ ಗುಣ ಸ್ಥಳೀಯ ಸೊಳ್ಳೆಗಳಲ್ಲೂ ನೆಲೆಯೂರುತ್ತದೆ. ಇಂಡೊನೇಷ್ಯಾದ ಯೋಗ್ಯಕರ್ತದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡೆಂಗಿ ಶೇ. 77ರಷ್ಟು, ಅದಕ್ಕಾಗಿ ಆಸ್ಪತ್ರೆ ಸೇರುವುದು ಶೇ. 86ರಷ್ಟು ಇಳಿಯಿತು. ಮೊದಲ ಖರ್ಚು ದೊಡ್ಡದು, ನಂತರದ್ದು ಅಲ್ಪ. ಕುತೂಹಲದ ಸಂಗತಿಯೆಂದರೆ, ರಿಯೊ ಡಿ ಜನೈರೊದಲ್ಲಿ ಮೊದಲು ಬಿಟ್ಟ ಸೊಳ್ಳೆಗಳು ನೆಲೆಯೂರದೆ ಹೋದವು: ಅಲ್ಲಿನ ಸೊಳ್ಳೆಗಳು ಪೈರೆಥ್ರಾಯ್ಡಿಗೆ ಒಗ್ಗಿಕೊಂಡಿದ್ದವು, ಪ್ರಯೋಗಾಲಯದ ಮುಗ್ಧ ಸೊಳ್ಳೆಗಳಿಗೆ ಆ ತಾಳಿಕೆ ಇರಲಿಲ್ಲ. ಒಂದು ಕೈಯಲ್ಲಿ ಹೊಗೆ, ಇನ್ನೊಂದರಲ್ಲಿ ಒಳ್ಳೆಯ ಸೊಳ್ಳೆ ಎಂಬುದು ಜೊತೆಗೆ ನಡೆಯದ ಕೆಲಸ.

ನಿಮ್ಮ ಪಾಡಿಗೆ ಯಾವುದು

ಕೈಯಲ್ಲಿ ಹಣವಿಲ್ಲದ ಒಂಟಿ ಮನೆಯವರು ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಂಡು ಅರ್ಧ ಗಂಟೆ ನೀರು ನೋಡಲಿ. ನಾಲ್ಕು ಕಾಸು ಕೂಡಿದಾಗ ಮೊದಲು ಮಲಗುವ ಕೋಣೆಯ ಕಿಟಕಿಗೆ ಜಾಲರಿ ಹಾಕಿಸಲಿ. ಮಲೇರಿಯಾದ ಪ್ರದೇಶದವರಿಗೆ ಮದ್ದಿನ ಪರದೆಯೇ ಮೊದಲು. ಚರಂಡಿಯ ಕ್ಯೂಲೆಕ್ಸ್ ಕಾಟವಿರುವವರು ನೀರು ಹರಿಯುವಂತೆ ಮಾಡಿಸುವುದಕ್ಕೂ ಶೌಚಗುಂಡಿಯ ಕೊಳವೆಗೆ ಜಾಲರಿ ಕಟ್ಟುವುದಕ್ಕೂ ಹಣ ಹಾಕಲಿ.

ವಸತಿ ಸಮುಚ್ಚಯಗಳ ಮಾತು ಬೇರೆ, ಏಕೆಂದರೆ ಅಲ್ಲಿ ಹಣವಿರುತ್ತದೆ, ವಾರವಾರ ನೋಡುವವರು ಇರುವುದಿಲ್ಲ. ಅಂಥ ಕಡೆ ಮಾಸಿಕ ಹೊಗೆಯ ಗುತ್ತಿಗೆಯನ್ನು ನಿಲ್ಲಿಸಿ, ಅದೇ ಹಣದಲ್ಲಿ ಒಬ್ಬರಿಗೆ ವಾರದ ತಪಾಸಣೆಯ ಕೆಲಸ ಕೊಟ್ಟು, ನೆಲಮಾಳಿಗೆ, ಮಹಡಿ, ಲಿಫ್ಟ್ ಹೊಂಡ, ತೊಟ್ಟಿಯ ಮುಚ್ಚಳಗಳ ಪಟ್ಟಿ ಬರೆಸಿ, ಚೆಲ್ಲಲಾಗದ ನೀರಿಗೆ ಬಿಟಿಐ ಹಾಕಿಸುವುದು ಹೆಚ್ಚು ದಕ್ಕುವ ವೆಚ್ಚ. ಆ ಪಟ್ಟಿ ತಯಾರಾದ ಮೇಲೆ ಸಾಮಾನ್ಯವಾಗಿ ಕಾಣುವುದೇನೆಂದರೆ, ಹುಳುಗಳಲ್ಲಿ ಬಹುಪಾಲು ನಾಲ್ಕಾರು ಜಾಗಗಳಿಂದಲೇ ಬರುತ್ತಿರುತ್ತವೆ.

ರೋಗ ಈಗಾಗಲೇ ಹಬ್ಬಿದ್ದರೆ ಹೊಗೆಯನ್ನು ಕೇಳಿ ಪಡೆಯಿರಿ, ಅದೇ ದಿನ ಸುತ್ತಲ ಮನೆಗಳ ನೀರನ್ನೂ ನೋಡಿಸಿ. ಹೊಗೆಯ ಹೊತ್ತಿನಲ್ಲಿ ಆಹಾರ, ಪಾತ್ರೆ, ಮೀನಿನ ತೊಟ್ಟಿಗಳನ್ನು ಮುಚ್ಚಿ, ಬೆಕ್ಕನ್ನೂ ಮಕ್ಕಳನ್ನೂ ಉಬ್ಬಸದವರನ್ನೂ ದೂರ ಕಳಿಸಿ, ಬಾಗಿಲು ಕಿಟಕಿ ತೆರೆದಿಟ್ಟು ಹೊರಗಿದ್ದು, ಗಾಳಿಯಾಡಿದ ಮೇಲೆ ಒಳಗೆ ಬನ್ನಿ. ಅದಕ್ಕೂ ಮುನ್ನ ಹೊಡೆಯುವವರಿಗೆ ನಾಲ್ಕು ಪ್ರಶ್ನೆ ಹಾಕಿ: ಯಾವ ಮದ್ದು, ಎಷ್ಟು ಪ್ರಮಾಣ, ಇಲ್ಲಿನ ಸೊಳ್ಳೆ ಅದಕ್ಕೆ ಸಾಯುತ್ತದೆಂದು ಪರೀಕ್ಷಿಸಿದ್ದಾರೆಯೇ, ಮತ್ತೆ ಯಾವಾಗ ಬರುತ್ತಾರೆ? ಉತ್ತರ ಸಿಗದಿದ್ದರೆ ಆ ಹಣಕ್ಕೆ ತೊಟ್ಟಿಗಳ ಮುಚ್ಚಳ ಕೊಳ್ಳುವುದು ಲೇಸು.